ಕಸ್ಟಮರ್ ಮೀಟಿಂಗ್‌ಗೆ 34 ಸ್ಲೈಡ್ ಇದೆ, ಸಿಕ್ಕಿರೋದು 20 ನಿಮಿಷ. ಏನೇನು ಕತ್ತರಿಸಲಿ?

ಪೀಣ್ಯಎರಡನೇಹಂತ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಪೀಣ್ಯದ ಒಂದು ಸಣ್ಣ ಮಷಿನಿಂಗ್ ಯೂನಿಟ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ನಮ್ಮ ದೊಡ್ಡ ಕಸ್ಟಮರ್ ಮುಂದಿನ ಗುರುವಾರ ಮೀಟಿಂಗ್‌ಗೆ ಕರೆದಿದ್ದಾರೆ. ಜುಲೈನಿಂದ ರಿಜೆಕ್ಷನ್ (ಸರಿಯಿಲ್ಲ ಅಂತ ಅವರು ತಿರಸ್ಕರಿಸುವ ಪೀಸ್) ಏರಿದೆ, ಯಾಕೆ, ಏನು ಮಾಡುತ್ತೀರಿ ಅಂತ ಬಂದು ಹೇಳಬೇಕಂತೆ. ಇಷ್ಟು ದಿನ ಓನರ್ರೇ ಹೋಗಿ ಮಾತಾಡಿಕೊಂಡು ಬರುತ್ತಿದ್ದರು. ಈ ಸಲ "ಡೇಟಾ ಎಲ್ಲಾ ನಿನ್ನ ಹತ್ರಾನೇ ಇದೆಯಲ್ಲಪ್ಪ, ನೀನೇ ಹೋಗು" ಅಂದುಬಿಟ್ಟರು.

ಹಳೇ ಪಿಪಿಟಿ ಒಂದಿದೆ, 34 ಸ್ಲೈಡ್. ಮೊದಲ 9 ಬರೀ ನಮ್ಮ ಬಗ್ಗೆ: ಫ್ಯಾಕ್ಟರಿ ಗೇಟು, ಐಎಸ್‌ಒ ಸರ್ಟಿಫಿಕೇಟ್, ಮಷಿನ್ ಲಿಸ್ಟ್, ಆಯುಧಪೂಜೆ ದಿನ ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಮಷಿನ್‌ಗೆ ಚೆಂಡುಹೂವಿನ ಹಾರ ಹಾಕಿದ ಫೋಟೋ ಕೂಡ ಇದೆ. ಆಮೇಲೆ ಎಕ್ಸೆಲ್‌ನಿಂದ ಹಾಗೇ ಎತ್ತಿ ಅಂಟಿಸಿದ ಟೇಬಲ್‌ಗಳು. ಕೊನೆಗೊಂದು ಥ್ಯಾಂಕ್ ಯು. ಅವರ ಕಡೆಯಿಂದ ಪರ್ಚೇಸ್ ಮ್ಯಾನೇಜರ್, ಸಪ್ಲೈಯರ್ ಕ್ವಾಲಿಟಿಯವರು (ನಮ್ಮಂಥವರು ಕಳಿಸುವ ಪೀಸ್‌ಗಳ ಗುಣಮಟ್ಟ ನೋಡುವವರು) ಇಬ್ಬರು ಇರುತ್ತಾರೆ, ಪ್ಲಾಂಟ್ ಹೆಡ್ ಬಂದರೂ ಬರಬಹುದು. ಎಷ್ಟು ಸ್ಲೈಡ್ ಇಟ್ಟುಕೊಳ್ಳಲಿ? ಇಂಗ್ಲಿಷ್ ಓದೋದು ಬರೆಯೋದು ಪರವಾಗಿಲ್ಲ, ನಿಂತು ಮಾತಾಡುವಾಗ ತಡವರಿಸುತ್ತೇನೆ. ಕನ್ನಡದಲ್ಲಿ ಹೇಳಿದರೆ ತಪ್ಪು ತಿಳಿಯುತ್ತಾರಾ? ಒಳ್ಳೇ ಟೆಂಪ್ಲೇಟ್ ಗೊತ್ತಿದ್ದರೆ ಅದನ್ನೂ ಹೇಳಿ.

ನಾಲ್ಕನೇಬ್ಲಾಕ್:

10-20-30 ಅಂತ ಹುಡುಕಿ ನೋಡಿ ಗುರು. ಅಮೆರಿಕದ ಲೇಖಕ, ಹೂಡಿಕೆದಾರ ಗೈ ಕವಾಸಾಕಿ 2005ರಲ್ಲಿ ಬರೆದದ್ದು. 10 ಸ್ಲೈಡ್, 20 ನಿಮಿಷ, 30 ಪಾಯಿಂಟ್‌ಗಿಂತ ಚಿಕ್ಕ ಅಕ್ಷರ ಬೇಡ. ನಿಮಗೆ ಅಳತೆ ತೆಗೆದು ಹೊಲಿದ ಹಾಗಿದೆ. ಟೆಂಪ್ಲೇಟ್ ಹುಡುಕಿಕೊಂಡು ಹೋಗಬೇಡಿ, ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಅಷ್ಟೇ. ಅನಿಮೇಷನ್ ಹಾಕಿದರೆ ನಿಮ್ಮಿಷ್ಟ, ನಾನಂತೂ ಹಾಕಲ್ಲ.

ಆಚೆಕಡೆಕುರ್ಚಿ:

ನಾನು ಟೇಬಲ್‌ನ ಆ ಕಡೆ ಕೂರುವವನು. ಸಪ್ಲೈಯರ್ ಕ್ವಾಲಿಟಿ, ಬೇರೆ ಕಂಪನಿ, ಆದರೆ ಕಥೆ ಒಂದೇ. 10-20-30 ಕೇಳೋಕೆ ಚೆನ್ನಾಗಿದೆ, ಅದು ಸ್ಟಾರ್ಟಪ್‌ನವರು ಇನ್ವೆಸ್ಟರ್ ಹತ್ತಿರ ದುಡ್ಡು ಕೇಳುವಾಗಿನ ಲೆಕ್ಕ. ನೀವು ಹೋಗುತ್ತಿರುವುದು ಬೈಸಿಕೊಳ್ಳೋಕೆ. 5 ಸ್ಲೈಡ್ ಸಾಕು.

ನಿಮ್ಮ ಕಂಪನಿ ಅವರಿಗೆ ಗೊತ್ತು. ಆಡಿಟ್ ಮಾಡಿ ವೆಂಡರ್ ಕೋಡ್ ಕೊಟ್ಟವರೇ ಅವರು. ಆ 9 ಸ್ಲೈಡ್ ತೆಗೆದುಬಿಡಿ, ಹಾರ ಹಾಕಿದ ಫೋಟೋ ಸಮೇತ. ಪರ್ಚೇಸ್‌ನವರ ತಲೆಯಲ್ಲಿ ಒಂದೇ ಓಡುತ್ತಿರುತ್ತದೆ: ಸೋಮವಾರ ನಮ್ಮ ಲೈನ್ ನಿಲ್ಲುತ್ತಾ? ಅದಕ್ಕೆ ಉತ್ತರ ಮೊದಲನೇ ಸ್ಲೈಡ್‌ನಲ್ಲೇ ಸಿಗಬೇಕು. ನಿಮ್ಮ ಹತ್ತಿರ ಎಷ್ಟು ಪೀಸ್ ಇದೆ, ಅವರ ಸ್ಟೋರ್ಸ್‌ನಲ್ಲಿ ಎಷ್ಟು, ದಾರಿಯಲ್ಲಿ ಎಷ್ಟು, ಅದರಲ್ಲಿ ಎಷ್ಟನ್ನು ಚೆಕ್ ಮಾಡಿ ಬೇರೆ ಇಟ್ಟಿದ್ದೀರಿ, ಚೆಕ್ ಆದ ಪೀಸ್ ಮೇಲೆ ಏನು ಗುರುತು ಹಾಕಿದ್ದೀರಿ. 8ಡಿ ರಿಪೋರ್ಟ್‌ನಲ್ಲಿ (ಸಮಸ್ಯೆಯನ್ನು ಎಂಟು ಹಂತದಲ್ಲಿ ಬಿಡಿಸಿ ಬರೆಯುವ ವರದಿ) ಡಿ3 ಬರುತ್ತದಲ್ಲ, ಕೆಟ್ಟ ಪೀಸ್ ಮುಂದೆ ಹೋಗದ ಹಾಗೆ ತಡೆಯುವ ಹಂತ, ಅದೇ. ಎರಡನೇದು ಕಾರಣ. ಮೂರನೇದು ಏನು ಬದಲಿಸಿದಿರಿ, ಯಾವ ತಾರೀಕಿನಿಂದ, ಯಾರ ಜವಾಬ್ದಾರಿ. ನಾಲ್ಕನೇದು, ಬದಲಿಸಿದ ಮೇಲೆ ಹೋದ ಲಾಟ್‌ಗಳ ರಿಸಲ್ಟ್. ಐದನೇದು ಅವರಿಂದ ನಿಮಗೇನಾದರೂ ಬೇಕಿದ್ದರೆ ಅದು. ಇದನ್ನು ಕೇಳೋಕೆ ವೆಂಡರ್‌ಗಳು ಹೆದರುತ್ತಾರೆ, ಯಾಕೋ ಗೊತ್ತಿಲ್ಲ. ಡ್ರಾಯಿಂಗ್‌ನಲ್ಲಿ ಗೊಂದಲ ಇದ್ದರೆ ಅವತ್ತೇ ಕೇಳಿ, ಮತ್ತೆ ಅಷ್ಟು ಜನ ಒಟ್ಟಿಗೆ ಸಿಗುವುದಿಲ್ಲ.

ಆಮೇಲೆ "ಆಪರೇಟರ್ ತಪ್ಪು, ಟ್ರೈನಿಂಗ್ ಕೊಟ್ಟಿದ್ದೇವೆ" ಅಂತ ಮಾತ್ರ ಬರೆಯಬೇಡಿ. ಆ ಸಾಲನ್ನು ನಾವು ವಾರ ವಾರ ಓದುತ್ತೇವೆ.

ಕನ್ನಡದಲ್ಲೇ ಮಾತಾಡಿ ಸ್ವಾಮಿ, ಬೆಂಗಳೂರಲ್ಲಿ ಶಾಪ್‌ಫ್ಲೋರ್ ವಿಷಯ ಅರ್ಧಕ್ಕರ್ಧ ಕನ್ನಡದಲ್ಲೇ ನಡೆಯೋದು. ಸ್ಲೈಡ್ ಮಾತ್ರ ಇಂಗ್ಲಿಷ್‌ನಲ್ಲಿರಲಿ, ಅದು ಆಮೇಲೆ ಪುಣೆಗೋ ಚೆನ್ನೈಗೋ ಫಾರ್ವರ್ಡ್ ಆಗುತ್ತದೆ. ರೂಮಿನಲ್ಲಿ ಕನ್ನಡ ಬಾರದವರು ಒಬ್ಬರಿದ್ದರೆ ಹೆಡ್ಡಿಂಗ್ ಇಂಗ್ಲಿಷ್‌ನಲ್ಲಿ ಓದಿಬಿಡಿ, ಉಳಿದದ್ದನ್ನು ಬೆರೆಸಿ ಹೇಳಿ.

ಲೆಕ್ಕದಕ್ಕ:

ಹೆಡ್ಡಿಂಗ್ ಅಂದಿರಲ್ಲ, ಅದನ್ನೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. "ರಿಜೆಕ್ಷನ್ ಟ್ರೆಂಡ್, ಏಪ್ರಿಲ್‌ನಿಂದ ಸೆಪ್ಟೆಂಬರ್" ಅಂತ ಬರೆದರೆ ಅದು ಫೈಲ್ ಮೇಲೆ ಅಂಟಿಸುವ ಲೇಬಲ್. ಸ್ಲೈಡ್ ನೋಡಿದವರಿಗೆ ಏನು ತಿಳಿಯಬೇಕೋ ಅದನ್ನೇ ಪೂರ್ತಿ ವಾಕ್ಯದಲ್ಲಿ ಮೇಲೆ ಬರೆಯಿರಿ. ಪ್ಲಾಂಟ್ ಹೆಡ್ ಎರಡು ನಿಮಿಷ ಬಂದು ಫೋನ್ ನೋಡಿಕೊಂಡು ಹೋದರೂ ಹೆಡ್ಡಿಂಗ್‌ಗಳಷ್ಟನ್ನೇ ಓದಿದರೆ ವಿಷಯ ಸಿಗಬೇಕು.

ಇದು ಬರೀ ಚಂದಕ್ಕೆ ಹೇಳುವ ಮಾತಲ್ಲ. 2003ರಲ್ಲಿ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ವಾಪಸ್ ಬರುವಾಗ ಒಡೆದು 7 ಜನ ಹೋದರಲ್ಲ, ಅದು ಮೇಲೇರುವಾಗಲೇ ಒಂದು ಫೋಮ್ ತುಂಡು ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಮೇಲಿರುವಾಗ ಇಂಜಿನಿಯರ್‌ಗಳು ನಾಸಾದವರಿಗೆ ಸ್ಲೈಡ್ ತೋರಿಸಿದರು. ಹೆಡ್ಡಿಂಗ್ ಓದಿದರೆ ಅಂಥ ಭಯ ಏನಿಲ್ಲ ಅನ್ನಿಸುವ ಹಾಗಿತ್ತು. ಟೆಸ್ಟ್‌ನಲ್ಲಿ ಬಳಸಿದ ತುಂಡು 3 ಘನ ಇಂಚು, ನಿಜವಾಗಿ ಬಡಿದದ್ದು ಸುಮಾರು 1,920 ಘನ ಇಂಚು ಅನ್ನುವುದು ತೀರಾ ಕೆಳಗೆ, ಬುಲೆಟ್ ಒಳಗೊಂದು ಬುಲೆಟ್‌ನಲ್ಲಿ ಕೂತಿತ್ತು. ಚಾರ್ಟ್, ಗ್ರಾಫ್‌ಗಳ ತಜ್ಞ ಎಡ್ವರ್ಡ್ ಟಫ್ಟಿ ಆ ಸ್ಲೈಡನ್ನು ಸಾಲು ಸಾಲಾಗಿ ಬಿಡಿಸಿ ತೋರಿಸಿದರು, ತನಿಖಾ ಮಂಡಳಿಯ ವರದಿಯಲ್ಲೂ ಅದು ಬಂದಿದೆ.

ಇನ್ನು ಚಾರ್ಟ್. ಟೇಬಲ್ ಅಂಟಿಸಬೇಡಿ. ಆರು ತಿಂಗಳಿಗೆ ಆರು ಕಂಬ, ಎಲ್ಲಾ ಬೂದು ಬಣ್ಣ, ಜುಲೈನಿಂದ ಮಾತ್ರ ಕಿತ್ತಳೆ. ಕೆಂಪು-ಹಸಿರು ಜೋಡಿ ಬೇಡ, ಆ ಎರಡನ್ನು ಬೇರೆ ಮಾಡಿ ನೋಡಲಾಗದ ಗಂಡಸರು ಅಲ್ಲಲ್ಲಿ ಇರುತ್ತಾರೆ, ಹೇಳಿಕೊಳ್ಳುವುದಿಲ್ಲ. ಅಂಕಿ ಕಂಬದ ತಲೆ ಮೇಲೇ ಇರಲಿ, ಹಿಂದಿನ ಗೆರೆಗಳು, ಪಕ್ಕದ ಲೆಜೆಂಡ್ ಎಲ್ಲಾ ಡಿಲೀಟ್. ಅಕ್ಷ ಸೊನ್ನೆಯಿಂದಲೇ ಶುರುವಾಗಲಿ, ಇಲ್ಲಾಂದ್ರೆ ಚೂರು ಏರಿದ್ದೂ ಬೆಟ್ಟದಷ್ಟು ಕಾಣುತ್ತದೆ. ಅವರ ಸ್ಕೋರ್‌ಕಾರ್ಡ್ ಪಿಪಿಎಂನಲ್ಲಿದ್ದರೆ (ಹತ್ತು ಲಕ್ಷ ಪೀಸ್‌ಗೆ ಎಷ್ಟು ಕೆಟ್ಟವು ಅನ್ನೋ ಲೆಕ್ಕ) ನೀವೂ ಪಿಪಿಎಂನಲ್ಲೇ ಕೊಡಿ. 1.2% ಅಂದರೆ 12,000 ಪಿಪಿಎಂ. ಶೇಕಡಾದಲ್ಲಿ ಹಾಕಿ ಕಮ್ಮಿ ಕಾಣಿಸುವ ಆಟ ಅವರಿಗೆ ಚೆನ್ನಾಗಿ ಗೊತ್ತು.

ರಿಂಗ್‌ರೋಡ್‌ವಾಸಿ:

ಪಿಪಿಟಿಯೇ ಯಾಕೆ? ಅಮೆಜಾನ್‌ನಲ್ಲಿ ಜೆಫ್ ಬೆಜೋಸ್ 2004ರಲ್ಲೇ ಟಾಪ್ ಮೀಟಿಂಗ್‌ಗಳಲ್ಲಿ ಅದನ್ನು ನಿಲ್ಲಿಸಿ ಮೆಮೊ ತಂದರು. 6 ಪುಟ, ಮೀಟಿಂಗ್ ಶುರುವಾದಾಗ ಎಲ್ಲರೂ ಸುಮ್ಮನೆ ಕೂತು ಓದುತ್ತಾರೆ, ಆಮೇಲೆ ಮಾತು.

ಆಚೆಕಡೆಕುರ್ಚಿ:

ಕಸ್ಟಮರ್ ಪ್ಲಾಂಟ್ ಹೆಡ್ ಕೈಗೆ 6 ಪುಟ ಕೊಟ್ಟು "ಓದಿ ಸರ್" ಅನ್ನುವ ಧೈರ್ಯ ಪೀಣ್ಯದ ವೆಂಡರ್‌ಗೆ ಎಲ್ಲಿಂದ ಬರಬೇಕು ಹೇಳಿ. ಬೆಜೋಸ್ ಓನರ್ ಜಾಗದಲ್ಲಿ ಕೂತಿದ್ದರು, ನಡೀತು. ಆದರೆ ಅರ್ಧ ನಿಜ ಇದೆ ಇದರಲ್ಲಿ. ಓದುವ ಕಾಗದ ಬೇರೆ, ತೋರಿಸುವ ಸ್ಲೈಡ್ ಬೇರೆ. ಎರಡನ್ನೂ ಒಂದರಲ್ಲೇ ತುರುಕಿದ್ದಕ್ಕೇ 34 ಆಗಿರೋದು. 8ಡಿಯನ್ನು ಹಿಂದಿನ ದಿನವೇ ಮೇಲ್ ಮಾಡಿ. ಸಪ್ಲೈಯರ್ ಕ್ವಾಲಿಟಿಯವರಲ್ಲಿ ಒಬ್ಬರಾದರೂ ಓದಿಕೊಂಡು ಬಂದಿರುತ್ತಾರೆ, ಅವರು ಸಮಾಧಾನವಾದರೆ ನಿಮ್ಮ ಅರ್ಧ ಕೆಲಸ ಆಯಿತು.

ಪೀಣ್ಯಎರಡನೇಹಂತ:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ಹೆಡ್ಡಿಂಗ್ ಬರೆದು ನೋಡಿದೆ, ಇಲ್ಲಿ ಕನ್ನಡದಲ್ಲಿ ಹಾಕುತ್ತೇನೆ (ಬೋರ್ ಅಂದರೆ ಪೀಸ್‌ನಲ್ಲಿ ಕೊರೆದ ತೂತು, ಇನ್‌ಸರ್ಟ್ ಅಂದರೆ ಲೋಹ ಕತ್ತರಿಸುವ, ಸವೆದರೆ ಬದಲಿಸುವ ತುದಿ, ಏರ್ ಗೇಜ್ ಅಂದರೆ ಗಾಳಿ ಬಳಸಿ ತೂತಿನ ಅಳತೆ ನೋಡುವ ಸಾಧನ):

"ಅನುಮಾನದ ಪೀಸ್ ಎಲ್ಲಾ ಬೇರೆ ಮಾಡಿದ್ದೇವೆ, ನಿಮ್ಮ ಲೈನ್‌ಗೆ ತೊಂದರೆ ಇಲ್ಲ."
"ಏರಿದ್ದಕ್ಕೆ ಮುಖ್ಯ ಕಾರಣ ಬೋರ್ ಸೈಜ್, ಅದೂ ಎರಡನೇ ಶಿಫ್ಟ್‌ನಲ್ಲಿ ಇನ್‌ಸರ್ಟ್ ಸವೆದ ಮೇಲೆ ಬಂದ ಪೀಸ್‌ಗಳಲ್ಲಿ."
"ಇನ್‌ಸರ್ಟ್ ಈಗ 200 ಪೀಸ್ ಬದಲು 120ಕ್ಕೇ ಬದಲಿಸುತ್ತೇವೆ, ಏರ್ ಗೇಜ್‌ನಲ್ಲಿ ಪ್ರತಿ ಪೀಸ್ ಚೆಕ್."

ನಾಲ್ಕನೇದಕ್ಕೆ ಇನ್ನೂ ಎರಡು ಲಾಟ್ ಡೇಟಾ ಅಷ್ಟೇ ಇದೆ. ಇರೋದನ್ನೇ ಹಾಕಲಾ? ಮತ್ತೆ ಆ ಟೇಬಲ್‌ಗಳನ್ನು ಪೂರ್ತಿ ಬಿಟ್ಟುಬಿಡೋಕೆ ಭಯ ಆಗುತ್ತದೆ, ಯಾರಾದರೂ ಕೇಳಿದರೆ?

ಲೆಕ್ಕದಕ್ಕ:

ಎರಡನೇದು ಚೆನ್ನಾಗಿದೆ ತಮ್ಮಾ, ಅದರ ಕೆಳಗೆ ಶಿಫ್ಟ್ ಪ್ರಕಾರ ಕಂಬ ಹಾಕಿಬಿಡಿ. ಮೊದಲನೇದರಲ್ಲಿ "ತೊಂದರೆ ಇಲ್ಲ" ಅನ್ನೋದರ ಬದಲು ಎಷ್ಟು ದಿನಕ್ಕಾಗುವಷ್ಟು ಒಳ್ಳೇ ಸ್ಟಾಕ್ ಇದೆ ಅಂತ ಅಂಕಿ ಬರೆಯಿರಿ. ಬರೀ ಭರವಸೆ ಕೊಟ್ಟರೆ ಪರ್ಚೇಸ್‌ನವರು "ಗ್ಯಾರಂಟಿ?" ಅಂತಾರೆ. ಎರಡೇ ಲಾಟ್ ಇದ್ದರೆ ಎರಡೇ ಹಾಕಿ, ಮೂರನೇದು ಯಾವ ತಾರೀಕು ಬರುತ್ತದೆ ಅಂತ ಪಕ್ಕದಲ್ಲಿ ಬರೆಯಿರಿ.

ಆಚೆಕಡೆಕುರ್ಚಿ:

ಟೇಬಲ್‌ಗಳನ್ನು ಐದನೇ ಸ್ಲೈಡ್ ಆದಮೇಲೆ ಹಾಗೇ ಇಟ್ಟುಕೊಳ್ಳಿ, ನಂಬರ್ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾರಾದರೂ ಕೇಳಿದರೆ ಸ್ಲೈಡ್‌ಶೋ ನಡೆಯುತ್ತಿರುವಾಗಲೇ 12 ಒತ್ತಿ ಎಂಟರ್ ಹೊಡೆದರೆ ನೇರ 12ನೇ ಸ್ಲೈಡ್‌ಗೆ ಹೋಗುತ್ತದೆ. ಮತ್ತೆ 2 ಎಂಟರ್, ವಾಪಸ್. ವಾದ ಶುರುವಾದರೆ ಬಿ ಒತ್ತಿ, ಪರದೆ ಕಪ್ಪಾಗುತ್ತದೆ, ಎಲ್ಲರೂ ನಿಮ್ಮ ಮುಖ ನೋಡುತ್ತಾರೆ. ಕೈಗೆ ಒಂದು ಕೆಟ್ಟ ಪೀಸು, ಒಂದು ಒಳ್ಳೇ ಪೀಸು, ಸವೆದ ಇನ್‌ಸರ್ಟ್ ಕೂಡ ತಗೊಂಡು ಹೋಗಿ. ಅದನ್ನು ಟೇಬಲ್ ಮೇಲೆ ಇಟ್ಟರೆ ಯಾವ ಸ್ಲೈಡೂ ಬೇಕಾಗಲ್ಲ.

ನಾಲ್ಕನೇಬ್ಲಾಕ್:

ಪೆನ್‌ಡ್ರೈವ್ ನಂಬಿಕೊಂಡು ಹೋಗಬೇಡಿ, ಎಷ್ಟೋ ಕಂಪನಿಗಳಲ್ಲಿ ಗೇಟಲ್ಲೇ ಇಸ್ಕೊಳ್ತಾರೆ, ಫೋನ್ ಕ್ಯಾಮರಾಗೂ ಸ್ಟಿಕ್ಕರ್ ಅಂಟಿಸುತ್ತಾರೆ. ಪಿಡಿಎಫ್ ಒಂದನ್ನು ಅವರಿಗೇ ಮೊದಲೇ ಮೇಲ್ ಮಾಡಿಡಿ. ಫೋಟೋ ಜಾಸ್ತಿ ಇದ್ದರೆ ಕಂಪ್ರೆಸ್ ಮಾಡಿ, ಇಲ್ಲಾಂದ್ರೆ ಮೇಲ್ ವಾಪಸ್ ಬರುತ್ತದೆ. ಕನ್ನಡ ಪದ ಎಲ್ಲಾದರೂ ಹಾಕಿದ್ದರೆ ಹಳೇ ನುಡಿ ಫಾಂಟ್ ಬೇಡ, ಅವರ ಲ್ಯಾಪ್‌ಟಾಪ್‌ನಲ್ಲಿ ಅದು ಇಲ್ಲದಿದ್ದರೆ ಏನೇನೋ ಚಿಹ್ನೆ ಕಾಣುತ್ತದೆ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಮತ್ತೆ ಗೇಟ್‌ನಲ್ಲಿ ಲ್ಯಾಪ್‌ಟಾಪ್ ಸೀರಿಯಲ್ ನಂಬರ್ ಬರೆಸುತ್ತಾ ನಿಲ್ಲಬೇಕು, ಜೊತೆಗೆ ಕೆಟ್ಟ ಪೀಸು ಒಯ್ಯೋಕೆ ನಿಮ್ಮ ಕಡೆಯಿಂದ ರಿಟರ್ನಬಲ್ ಗೇಟ್‌ಪಾಸ್ ಮಾಡಿಸಿಕೊಳ್ಳಿ, ವಾಪಸ್ ತರುವಾಗ ಅವರ ಸೆಕ್ಯುರಿಟಿ ಅದನ್ನೇ ಕೇಳುತ್ತಾರೆ.