ಬೆಳಕನ್ನು ಚಲಿಸುವಂತೆ ಮಾಡುವ ಶಿಲ್ಪಿ ಕಾನ್ರಾಡ್ ಶಾಕ್ರಾಸ್: ಎಲ್ಲಿಂದ ಆರಂಭಿಸಲಿ?

ಪ್ರಶ್ನೆ: ಲೋಹಶಿಲ್ಪ ಕಲಿಯುತ್ತಿದ್ದೇನೆ, ಮನಸ್ಸು ಚಲಿಸುವ ಬೆಳಕಿನತ್ತ ಹೊರಳಿದೆ. ಲಂಡನ್ನಿನ ಶಾಕ್ರಾಸ್ ಅವರ ಯಾವ ಕೃತಿಯನ್ನು ಮೊದಲು ನೋಡಲಿ?

ಉತ್ತರ: ‘ಸ್ಲೋ ಆರ್ಕ್ ಇನ್‌ಸೈಡ್ ಎ ಕ್ಯೂಬ್’ (2008). ಜಾಲರಿಯ ಪಂಜರದೊಳಗೆ ಯಂತ್ರದ ತೋಳೊಂದು ಉರಿಯುವ ದೀಪವನ್ನು ನಿಧಾನವಾಗಿ ಸರಿಸುತ್ತದೆ. ನೆರಳುಗಳು ಗೋಡೆಗಳ ಮೇಲೆ ಹಿಗ್ಗಿ ಕುಗ್ಗಿ, ಕೋಣೆಯೇ ವಾಲಿದಂತೆ ಭಾಸವಾಗುತ್ತದೆ. ಇನ್ಸುಲಿನ್ ಹರಳಿನ ರಚನೆಯನ್ನು ಬಿಡಿಸಿದ ಡೊರೊಥಿ ಹಾಡ್ಜ್‌ಕಿನ್ ಅವರ ಸಂಶೋಧನೆ ಇದಕ್ಕೆ ಪ್ರೇರಣೆ. ನನಗಂತೂ ಇದಕ್ಕಿಂತ ಪ್ರಿಯವಾದ ಬೆಳಕಿನ ಕೃತಿಯಿಲ್ಲ.

ಮತ್ತೊಬ್ಬರು: 2013 ಮುಖ್ಯ ವರ್ಷ. ಲಂಡನ್ನಿನ ರೌಂಡ್‌ಹೌಸ್ ಸಭಾಂಗಣವನ್ನೇ ಬೆಳಕಿನ ಗಡಿಯಾರವಾಗಿಸಿದರು. ಬ್ರಿಟನ್ನಿನ ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿಗೂ ಆಯ್ಕೆಯಾದರು.

ಮೊದಲ ಉತ್ತರದವರು: ‘ಪ್ಯಾರಡೈಮ್’ (2016) ಕೂಡ ನೋಡಿ. ಅದರಲ್ಲಿ ಮೋಟಾರೂ ಇಲ್ಲ, ದೀಪವೂ ಇಲ್ಲ. ಒಂದರ ಮೇಲೊಂದು ಏರಿದ ಉಕ್ಕಿನ ಚತುರ್ಮುಖಿಗಳಷ್ಟೇ (ನಾಲ್ಕು ತ್ರಿಕೋನ ಮುಖಗಳ ಘನಾಕೃತಿಗಳು). ಲೋಹ ಕಲಿಯುವವರಿಗೆ ಅದೇ ಹೆಚ್ಚು ಕಲಿಸಬಹುದು.