ಮನೆಯೊಳಗೆ ಮೊದಲ ಅಣಬೆ ಕೋಣೆ: ಪ್ರಶ್ನೋತ್ತರ

ಅಡ್ಮಿನ್: ಅಣಬೆ ಬೆಳೆ ತರಬೇತಿ ಕೊಡುವ ಶೋಭಾ ಮೇಡಂ ಇವತ್ತು ಉತ್ತರ ಕೊಡುತ್ತಾರೆ. ಪ್ರಶ್ನೆ ಹಾಕಿ.

ದಿವ್ಯ, ಮಡಿಕೇರಿ: ಮನೆ ಹಿಂದೆ ಹತ್ತಡಿ ಅಗಲದ ಕೋಣೆ ಖಾಲಿ ಇದೆ ಮೇಡಂ. ಚಿಪ್ಪಣಬೆ ಶುರು ಮಾಡೋಣ ಅಂತ. ಎಲ್‌ಇಡಿ ಗ್ರೋ ಲೈಟ್ ತರಿಸಲಾ?

ಶೋಭಾ: ಬೇಡ. ಅಣಬೆ ಗಿಡವಲ್ಲ, ಬೆಳಕಿನಿಂದ ಆಹಾರ ಮಾಡಿಕೊಳ್ಳುವುದಿಲ್ಲ. ಹುಲ್ಲು, ಅಣಬೆ ಬೀಜ ತುಂಬಿದ ಚೀಲವನ್ನು ಮೊದಲ 15–20 ದಿನ ಕತ್ತಲೆಯಲ್ಲಿಡಿ. ಚೀಲದ ತುಂಬ ಬಿಳಿ ಬಲೆ, ಅಂದರೆ ಅಣಬೆಯ ಬೇರಿನಂಥ ಎಳೆ, ಹಬ್ಬಿದ ಮೇಲೆ ಪೇಪರ್ ಓದುವಷ್ಟು ಬೆಳಕು ಸಾಕು. ಆ ದುಡ್ಡನ್ನು ಕಿಟಕಿಯ ಸೊಳ್ಳೆ ಜಾಲರಿಗೂ ಎಕ್ಸಾಸ್ಟ್ ಫ್ಯಾನಿಗೂ ಹಾಕಿ. ಹೊಸ ಗಾಳಿ ಸಾಲದಿದ್ದರೆ ಕಾಂಡ ಉದ್ದವಾಗುತ್ತದೆ, ಕೊಡೆ ಬಟನ್‌ನಷ್ಟೇ ಉಳಿಯುತ್ತದೆ.

ಅಜಯ್, ಕುಶಾಲನಗರ: ಲೈಟ್ ಹಾಕಿ ಅಂಥದೇ ಕೋಣೆಯಲ್ಲಿ ಎರಡು ಗಾಂಜಾ ಗಿಡ ಬೆಳೆಸಬಹುದಾ? ಔಷಧಿಗೆ.

ಶೋಭಾ: ಬೆಳೆಸುವ ಹಾಗಿಲ್ಲ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆ, 20ನೇ ಸೆಕ್ಷನ್. 10 ವರ್ಷದವರೆಗೆ ಕಠಿಣ ಜೈಲು, 1 ಲಕ್ಷದವರೆಗೆ ದಂಡ. ಎರಡೇ ಗಿಡ ಅಂತ ಬಿಡುವುದಿಲ್ಲ.

ರೇಷ್ಮಾ, ನಾಪೋಕ್ಲು: ಚೀಲದಲ್ಲಿ ಹಸಿರು ಬೂಷ್ಟು ಬಂದಿದೆ. ಅರಿಶಿನ ನೀರು ಸಿಂಪಡಿಸಿ ಅಂತ ಒಂದು ಫಾರ್ವರ್ಡ್ ಬಂತು.

ಶೋಭಾ: ಅದು ಟ್ರೈಕೋಡರ್ಮಾ ಎಂಬ ಬೇರೆ ಶಿಲೀಂಧ್ರ. ಅರಿಶಿನವೂ ಬೇಡ, ಗೋಮೂತ್ರವೂ ಬೇಡ. ಚೀಲ ಬಿಚ್ಚದೆ ಕೋಣೆಯಿಂದ ದೂರ ಒಯ್ದು ಹೂಳಿ. ಹುಲ್ಲು ಸರಿಯಾಗಿ ಬೆಂದಿಲ್ಲ ಅಥವಾ ನೀರು ಜಾಸ್ತಿ ಉಳಿದಿದೆ. ರಾತ್ರಿ ನೆನೆಸಿ, 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಡಿ. ಹಿಂಡಿದರೆ ಹನಿ ಬೀಳಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು.

ಬೋಪಣ್ಣ, ವಿರಾಜಪೇಟೆ: ಮೇಡಂ, ಈ ಮಳೆಗೆ ಕೋಣೆ 17 ಡಿಗ್ರಿಗೆ ಇಳಿಯುತ್ತದೆ. ರಾತ್ರಿ ಬಾಗಿಲು ಮುಚ್ಚಿ ಒಂದು ಬಾಣಲೆ ಇದ್ದಲು ಕೆಂಡ ಇಡುತ್ತೇವೆ. ಅಣಬೆ ಚೆನ್ನಾಗಿಯೇ ಬರುತ್ತಿದೆ. ಬೆಳಿಗ್ಗೆ ಕೊಯ್ಯುವುದು ಅವ್ವ. ಈಚೆಗೆ ಅವರಿಗೆ ತಲೆನೋವು, ಒಣ ಕೆಮ್ಮು. ಅವರ ಮಲಗುವ ಕೋಣೆಗೂ ಇದಕ್ಕೂ ನಡುವೆ ಒಂದೇ ಬಾಗಿಲು. ಚಳಿಗೆ ಇರಬಹುದಾ?

ಶೋಭಾ: ಬೋಪಣ್ಣ, ಮಿಕ್ಕಿದ್ದೆಲ್ಲ ಆಮೇಲೆ. ಕೆಂಡವನ್ನು ಈಗಲೇ ಹೊರಗೆ ಹಾಕಿ. ಕಿಟಕಿ, ಹೊರಬಾಗಿಲು ತೆರೆದಿಡಿ. ಇವತ್ತು ಅವ್ವ ಬೇರೆ ಕೋಣೆಯಲ್ಲಿ ಮಲಗಲಿ.

ಮುಚ್ಚಿದ ಕೋಣೆಯ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆಯಿಂದ ಶುರುವಾಗುತ್ತದೆ. ನಿದ್ದೆಯಲ್ಲಿದ್ದವರು ಏಳದೇ ಹೋಗಬಹುದು. ಹೊಗೆ ಕಾಣುತ್ತಿಲ್ಲ ಅಂತ ಧೈರ್ಯ ಮಾಡಬೇಡಿ.

ಒಣ ಕೆಮ್ಮಿನ ಬಗ್ಗೆ ನನಗೆ ಇನ್ನೊಂದು ಅನುಮಾನವಿದೆ. ಚಿಪ್ಪಣಬೆ ಬಲಿತರೆ ಕೊಡೆಯಡಿಯಿಂದ ಬಿಳಿ ಹುಡಿಯಂತೆ ಬೀಜಕಣ ಉದುರುತ್ತದೆ. ದಿನಾ ಅದನ್ನು ಉಸಿರಾಡಿದರೆ ಕೆಲವರ ಶ್ವಾಸಕೋಶ ಊದಿಕೊಳ್ಳುತ್ತದೆ. ಕೆಮ್ಮು, ಏದುಸಿರು, ಸಂಜೆ ಜ್ವರ ಬರುತ್ತದೆ. ಡಾಕ್ಟರಿಗೆ ಬರೀ ಕೆಮ್ಮು ಅಂದರೆ ಕೆಮ್ಮಿನ ಔಷಧಿ ಕೊಟ್ಟು ಕಳಿಸುತ್ತಾರೆ. ಕೆಂಡ ಇಟ್ಟದ್ದು, ಅಣಬೆ ಕೊಯ್ದದ್ದು ಎರಡನ್ನೂ ಹೇಳಿ. ಕೊಡೆಯ ಅಂಚು ಕೆಳಗೆ ಬಾಗಿರುವಾಗಲೇ ಕೊಯ್ಯಿರಿ. ಒಳಗೆ ಹೋಗುವ ಮೊದಲು ಫ್ಯಾನ್ ಹಾಕಿ, ಎನ್95 ಮಾಸ್ಕ್ ಹಾಕಿಕೊಳ್ಳಿ. ಆ ನಡುಬಾಗಿಲು ಮುಚ್ಚಿಬಿಡಿ.

17 ಡಿಗ್ರಿಗೆ ಬಲೆ ನಿಧಾನವಾಗಿ ಹಬ್ಬುತ್ತದೆ, ಅಷ್ಟೇ. ನಿಧಾನವಾಗಲಿ.

ಸುಬ್ಬಯ್ಯ, ಪೊನ್ನಂಪೇಟೆ: ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಕೆಂಡ ಇಡುತ್ತಾ ಬಂದಿದ್ದೇವೆ. ಸುಮ್ನೆ ಹೆದರಿಸಬೇಡಿ.

ರೇಷ್ಮಾ: ಹಳೇ ಮನೆಯ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು ಅಣ್ಣ. ಇವರದು ಪ್ಲಾಸ್ಟಿಕ್ ಶೀಟ್ ಹೊಡೆದ ಕೋಣೆ ಇರಬೇಕು.

ಸುಬ್ಬಯ್ಯ: ಈ ಚೀಲದ ಅಣಬೆಗೆ ರುಚಿಯೇ ಇಲ್ಲ. ಮಳೆಗಾಲದಲ್ಲಿ ತೋಟದಲ್ಲಿ ತಾನಾಗಿ ಏಳುವ ಕುಮ್ಮ್ ಅಣಬೆ ತಿನ್ನಿ. ಅನುಮಾನ ಬಂದರೆ ಜೊತೆಗೆ ಬೆಳ್ಳುಳ್ಳಿ ಬೇಯಿಸಿ, ಕಪ್ಪಾಗದಿದ್ದರೆ ವಿಷವಿಲ್ಲ.

ಶೋಭಾ: ಆ ಮಾತನ್ನು ದಯವಿಟ್ಟು ಅಳಿಸಿ. ಬೆಳ್ಳುಳ್ಳಿ, ಬೆಳ್ಳಿ ನಾಣ್ಯ, ಅಕ್ಕಿ, ಯಾವುದೂ ವಿಷ ತೋರಿಸುವುದಿಲ್ಲ. ಕೆಲವು ಅಣಬೆಗಳ ವಿಷ ಬೇಯಿಸಿದರೂ ಹೋಗುವುದಿಲ್ಲ. ವಾಂತಿ ಶುರುವಾಗುವುದಕ್ಕೇ 6 ಗಂಟೆ ದಾಟುತ್ತದೆ, ಅಷ್ಟರಲ್ಲಿ ಲಿವರ್‌ಗೆ ಪೆಟ್ಟು ಬಿದ್ದಿರುತ್ತದೆ.

ಸುಬ್ಬಯ್ಯ: ನನ್ನ ಅಜ್ಜಿಗಿಂತ ನಿಮಗೆ ಜಾಸ್ತಿ ಗೊತ್ತಾ?

ದಿವ್ಯ: ಅಜ್ಜಿ ಅಣಬೆ ನೋಡಿ ಗುರುತಿಸುತ್ತಿದ್ದರು, ಬೆಳ್ಳುಳ್ಳಿ ನೋಡಿ ಅಲ್ಲ. ನೀವು ಫಾರ್ವರ್ಡ್ ನೋಡಿ ಹೇಳುತ್ತಿದ್ದೀರಿ.

ಸುಬ್ಬಯ್ಯ: ನಿನ್ನೆ ಮೊನ್ನೆ ಕೋಣೆ ಹುಡುಕಿದವರು ಪಾಠ ಹೇಳಬೇಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಪವನ್, ಸಿದ್ದಾಪುರ: ಮೈಸೂರಿನಲ್ಲಿ ಕಿಲೋಗೆ ಏನು ರೇಟ್? ಸಬ್ಸಿಡಿ ಸಿಗುತ್ತಾ?

ಲತಾ, ಸೋಮವಾರಪೇಟೆ: ಬೀಜ ಎಲ್ಲಿ ಸಿಗುತ್ತದೆ ಮೇಡಂ? ಹುಲ್ಲಿನ ಬದಲು ಕಾಫಿ ಸಿಪ್ಪೆ ಆಗುತ್ತಾ?

ಶೋಭಾ: ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಕೇಳಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನಲ್ಲಿ ಅಣಬೆ ಪ್ರಯೋಗಾಲಯವೇ ಇದೆ. ಸಿಪ್ಪೆ ಆಗುತ್ತದೆ. ಮೊದಲು ಹುಲ್ಲಿಗೆ ಸ್ವಲ್ಪ ಬೆರೆಸಿ ನೋಡಿ.

ಇಕ್ಬಾಲ್, ಗೋಣಿಕೊಪ್ಪ: ಹಸಿರು ಬೂಷ್ಟಿಗೆ ಯಾವ ಸ್ಪ್ರೇ?

ಶೋಭಾ: ಮೇಲೆ ಬರೆದಿದ್ದೇನೆ. ಓದಿ.

ಇಕ್ಬಾಲ್: ಒಂದು ಸಾಲಿನಲ್ಲಿ ಹೇಳಬಹುದಿತ್ತು.

ಪವನ್: ರೇಟ್ ಯಾರಾದರೂ ಹೇಳಿ.

ಶೋಭಾ: ಬೋಪಣ್ಣ, ಕೆಂಡ ತೆಗೆದಿರಾ?

ಬೋಪಣ್ಣ: ತೆಗೆದೆ ಮೇಡಂ. ಅವ್ವನನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟಿದ್ದೇವೆ.

ಶೋಭಾ: ಕೆಂಡದ ವಿಷಯವನ್ನು ಡಾಕ್ಟರಿಗೆ ಮೊದಲು ಹೇಳಿ. ರಕ್ತ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ, ಆದರೆ ಹೊತ್ತು ಕಳೆದಷ್ಟೂ ಗುರುತು ಕಡಿಮೆಯಾಗುತ್ತದೆ. ನಿಮಗೂ ತಲೆಸುತ್ತು ಇದ್ದರೆ ನೀವು ಗಾಡಿ ಓಡಿಸಬೇಡಿ.