ಮಿಲ್ ನಿಂತರೆ ಎಷ್ಟು ಹೊತ್ತಿನಲ್ಲಿ ಮತ್ತೆ ಶುರುವಾಗಬೇಕು?

ಕಾರಟಗಿ ಮಿಲ್:
ಎಲ್ಲರಿಗೂ ನಮಸ್ಕಾರ. ನಮ್ಮದು ಸ್ಟೀಮ್ ಅಕ್ಕಿ ಮಿಲ್. ಸಾಲ ಜಾಸ್ತಿ ಮಾಡುವ ಮುಂಚೆ ಬ್ಯಾಂಕಿನವರು ಒಂದು ಪ್ಲ್ಯಾನ್ ಕೇಳಿದ್ದಾರೆ. ಬೆಂಕಿ, ನೆರೆ, ಕಂಪ್ಯೂಟರ್ ವೈರಸ್, ಏನೇ ಬಂದರೂ ವ್ಯವಹಾರ ಹೇಗೆ ಮುಂದುವರಿಸುತ್ತೀರಿ ಅಂತ ಬರೆದುಕೊಡಬೇಕು. ಮೊದಲ ಪುಟದಲ್ಲೇ ಗುರಿ ಕೇಳಿದ್ದಾರೆ. "ಯಾವ ಪರಿಸ್ಥಿತಿಯಲ್ಲೂ ಮಿಲ್ ನಿಲ್ಲಬಾರದು" ಅಂತ ಬರೆದೆ. ಆಡಿಟರ್ ಇದು ಗುರಿಯೇ ಅಲ್ಲ ಅನ್ನುತ್ತಾರೆ. ಯಾಕೆ ಅಲ್ಲ?

ರಾಯಚೂರು ಸಿಸ್ಟಮ್ಸ್:
ಆಡಿಟರ್ ಹೇಳಿದ್ದು ಸರಿ ಅಣ್ಣ. ಅದನ್ನು ಅಳೆಯೋಕೆ ಆಗಲ್ಲ. ಒಂದೊಂದು ಕೆಲಸಕ್ಕೂ ಎರಡು ಅಂಕಿ ಬೇಕು. ನಿಂತ ಮೇಲೆ ಎಷ್ಟು ಗಂಟೆಯೊಳಗೆ ಮತ್ತೆ ಶುರುವಾಗಬೇಕು ಅನ್ನೋದು ಆರ್‌ಟಿಒ, ಅಂದರೆ ರಿಕವರಿ ಟೈಮ್ ಆಬ್ಜೆಕ್ಟಿವ್. ಎಷ್ಟು ಹೊತ್ತಿನ ಲೆಕ್ಕ ಕಳೆದುಹೋದರೆ ತಡೆದುಕೊಳ್ಳಬಹುದು ಅನ್ನೋದು ಆರ್‌ಪಿಒ, ಅಂದರೆ ರಿಕವರಿ ಪಾಯಿಂಟ್ ಆಬ್ಜೆಕ್ಟಿವ್. ಇದಕ್ಕೆ ಐಎಸ್‌ಒ 22301 ಅಂತ ಮಾನದಂಡವೇ ಇದೆ, 2012ರಲ್ಲಿ ಬಂತು, 2019ರಲ್ಲಿ ತಿದ್ದಿದರು. ಸರ್ಟಿಫಿಕೇಟ್ ತಗೊಳ್ಳಿ ಅಂತ ಹೇಳುತ್ತಿಲ್ಲ, ಅದರ ಯೋಚನೆ ಮಾತ್ರ ತಗೊಳ್ಳಿ.

ಗಂಗಾವತಿ ಹಳೆ ಮಿಲ್:
ನನಗೆ ಇದು ಸುಮ್ನೆ ಪೇಪರ್ ಕೆಲಸ ಅನಿಸುತ್ತದೆ. ಜನರೇಟರ್ ಇದೆ, ಇನ್ಶೂರೆನ್ಸ್ ಇದೆ. ನಮ್ಮ ಅಪ್ಪನ ಕಾಲದಿಂದ ಮಿಲ್ ನಡೆದಿದೆ, ಯಾರೂ ಗಂಟೆ ಲೆಕ್ಕ ಬರೆದಿಟ್ಟಿರಲಿಲ್ಲ.

ಸಿಂಧನೂರು ಲೆಕ್ಕ:
ಯಜಮಾನರೇ, ಇನ್ಶೂರೆನ್ಸ್ ಪಾಲಿಸಿ ಒಮ್ಮೆ ತೆಗೆದು ಓದಿ. ಮಾಮೂಲಿ ಫೈರ್ ಪಾಲಿಸಿ ಕಟ್ಟಡ, ಮಷಿನ್, ಸ್ಟಾಕ್‌ಗೆ ದುಡ್ಡು ಕೊಡುತ್ತದೆ. ಮಿಲ್ ಮುಚ್ಚಿದ ದಿನಗಳ ಲಾಭಕ್ಕೆ ಕೊಡಲ್ಲ. ಅದಕ್ಕೆ ಲಾಸ್ ಆಫ್ ಪ್ರಾಫಿಟ್ ಕವರ್ ಬೇರೆ ತಗೊಳ್ಳಬೇಕು. ಅಲ್ಲೂ ಎಷ್ಟು ತಿಂಗಳಿಗೆ ಬೇಕು ಅಂತ ಕೇಳುತ್ತಾರೆ. ನಿಮ್ಮ ಹತ್ತಿರ ಅಂಕಿ ಇಲ್ಲದಿದ್ದರೆ ಏಜೆಂಟ್ ಹೇಳಿದ್ದೇ ಅಂಕಿ ಆಗುತ್ತದೆ.

ಬಳ್ಳಾರಿ ಜೀನ್ಸ್:
ನಾನು ವಾಷಿಂಗ್ ಯೂನಿಟ್ ನೋಡಿಕೊಳ್ಳುತ್ತೇನೆ. ಅಂಕಿಯನ್ನು ನಾವಾಗಿ ಆರಿಸಿಕೊಳ್ಳೋದಲ್ಲ, ಮಾಲೇ ಹೇಳುತ್ತದೆ. ಎನ್‌ಜೈಮ್ ಹಾಕಿದ ಮೇಲೆ ಡ್ರಮ್ ನಿಂತರೆ ಎನ್‌ಜೈಮ್ ಕೆಲಸ ನಿಲ್ಲಿಸಲ್ಲ, ಬಟ್ಟೆ ನೆನೆದಷ್ಟು ಹೊತ್ತೂ ಬಣ್ಣ ತಿನ್ನುತ್ತಲೇ ಇರುತ್ತದೆ, ಆ ಲಾಟ್‌ನಲ್ಲಿ ಒಂದು ಪ್ಯಾಂಟ್ ಇನ್ನೊಂದಕ್ಕೆ ಹೊಂದಲ್ಲ. ಅಲ್ಲಿ ನಮಗಿರೋದು ನಿಮಿಷಗಳು. ಕಟಿಂಗ್ ಟೇಬಲ್ ಎರಡು ದಿನ ನಿಂತರೂ ಬಟ್ಟೆಗೆ ಏನೂ ಆಗಲ್ಲ. ಒಂದೇ ಶೆಡ್, ಗುರಿ ಬೇರೆ ಬೇರೆ. ಎಲ್ಲಕ್ಕೂ ಒಂದೇ ಅಂಕಿ ಹಾಕಿದರೆ ಬೇಡದ ಕಡೆ ದುಡ್ಡು ಸುರಿಯುತ್ತೀರಿ, ಬೇಕಾದ ಕಡೆ ಕೊರತೆ ಬೀಳುತ್ತದೆ.

ಕಾರಟಗಿ ಮಿಲ್:
ಅಕ್ಕಾ, ಈಗ ಹೊಳೆಯಿತು. ಹಬೆ ಕೊಟ್ಟ ಭತ್ತ ಡ್ರೈಯರ್‌ಗೆ ಹೋಗದೆ ರಾಶಿಯಲ್ಲೇ ಉಳಿದರೆ ಕಾವು ಏರಿ ಅಕ್ಕಿಯ ಬಣ್ಣ ಕೆಡುತ್ತದೆ, ವಾಸನೆ ಬರುತ್ತದೆ. ಗೋದಾಮಿನ ಒಣ ಭತ್ತಕ್ಕೆ ಆ ಅವಸರ ಇಲ್ಲ. ಹಾಗಾದರೆ ಮೊದಲು ಡ್ರೈಯರ್, ಆಮೇಲೆ ಪಾಲಿಶ್, ಕೊನೆಗೆ ಆಫೀಸು. ಸರಿನಾ?

ಸಿಂಧನೂರು ಲೆಕ್ಕ:
ಆಫೀಸು ಕೊನೆಗೆ ಅನ್ನೋದನ್ನು ನಾನು ಒಪ್ಪಲ್ಲ. ಸುಗ್ಗಿಯಲ್ಲಿ ಗೇಟಿನ ಮುಂದೆ ಟ್ರ್ಯಾಕ್ಟರ್ ಸಾಲು ನಿಂತಿರುತ್ತದೆ. ಅವತ್ತಿನ ತೂಕದ ಲೆಕ್ಕ ಅಳಿಸಿಹೋದರೆ ಯಾವ ರೈತನಿಗೆ ಎಷ್ಟು ಕೊಡಬೇಕು ಅಂತ ಯಾರು ಹೇಳುತ್ತಾರೆ? ಡ್ರೈಯರ್ ಕೆಟ್ಟರೆ ಒಂದು ಬ್ಯಾಚ್ ಹೋಗುತ್ತದೆ. ತೂಕದ ಲೆಕ್ಕ ಹೋದರೆ ಮುಂದಿನ ವರ್ಷ ಆ ರೈತ ಬೇರೆ ಮಿಲ್‌ಗೆ ಹೋಗುತ್ತಾನೆ. ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ, ರೈತನ ದುಡ್ಡಿನ ಲೆಕ್ಕದಲ್ಲಿ ಒಂದು ಚೀಟಿಯೂ ಕಳೆಯಬಾರದು, ಅದೇ ನಿಮ್ಮ ಮೊದಲ ಗುರಿ ಆಗಬೇಕು.

ರಾಯಚೂರು ಸಿಸ್ಟಮ್ಸ್:
ಇಬ್ಬರದೂ ಜಗಳ ಇಲ್ಲ ನೋಡಿ. ಡ್ರೈಯರ್‌ಗೆ ಬೇಕಾದದ್ದು ಬೇಗ ಶುರುವಾಗೋದು. ಲೆಕ್ಕಕ್ಕೆ ಬೇಕಾದದ್ದು ಕಳೆಯದಿರೋದು. ಕಂಪ್ಯೂಟರ್ ನಾಳೆ ಎದ್ದರೂ ನಡೆಯುತ್ತದೆ, ಅಲ್ಲಿವರೆಗೆ ವೇಬ್ರಿಡ್ಜ್‌ನಲ್ಲಿ ಕಾರ್ಬನ್ ಪುಸ್ತಕದಲ್ಲಿ ಬರೆಯಿರಿ. ಟ್ಯಾಲಿ ಸಾಫ್ಟ್‌ವೇರ್‌ನಲ್ಲಿರೋ ಲೆಕ್ಕದ ಒಂದು ಪ್ರತಿ ಮಾತ್ರ ಮಿಲ್ ಕಾಂಪೌಂಡಿನ ಹೊರಗೆ ಇರಲಿ. 2009ರ ಅಕ್ಟೋಬರ್ ಮಳೆಯಲ್ಲಿ ನಮ್ಮ ಜಿಲ್ಲೆಗಳಿಗೆ ನೆರೆ ಬಂದಿದ್ದು ನೆನಪಿರಬೇಕಲ್ವಾ? ಕಂಪ್ಯೂಟರೂ ಬ್ಯಾಕಪ್ ಡಿಸ್ಕೂ ಒಂದೇ ಮೇಜಿನ ಮೇಲಿದ್ದರೆ ನೀರು ಎರಡನ್ನೂ ಒಟ್ಟಿಗೆ ತಗೊಂಡು ಹೋಗುತ್ತದೆ.

ಗಂಗಾವತಿ ಹಳೆ ಮಿಲ್:
ಲೆಕ್ಕದ ವಿಷಯ ಒಪ್ಪಿದೆ. ಆದರೆ ಎಲ್ಲರೂ ಮಿಲ್ ಒಳಗಿನದ್ದೇ ಮಾತಾಡುತ್ತಿದ್ದೀರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆ, ತಯಾರಿಸಿ ಇಳಿಸಿ ನೀರು ನಿಲ್ಲಿಸೋಕೆ ಸುಮಾರು ಒಂದು ವಾರ ಹಿಡಿಯಿತು. ಆ ವಾರ ಎಡದಂಡೆ ಕಾಲುವೆ ನಂಬಿದ ನಮಗೆ ನಿದ್ದೆ ಇರಲಿಲ್ಲ. ಭತ್ತವೇ ಬರದಿದ್ದರೆ ನಿಮ್ಮ ಗಂಟೆ ಲೆಕ್ಕ ತಗೊಂಡು ಏನು ಮಾಡೋದು?

ಬಳ್ಳಾರಿ ಜೀನ್ಸ್:
ಇದು ಒಳ್ಳೆ ಮಾತು ಯಜಮಾನರೇ. ಅದಕ್ಕೂ ಗುರಿ ಹಾಕಬಹುದು. ಅಲ್ಲಿ ಅಳತೆ ಗಂಟೆಯದಲ್ಲ, ತಿಂಗಳಿನದು. ಒಂದು ಬೆಳೆ ಕೈಕೊಟ್ಟರೆ ಹಮಾಲರ ಕೂಲಿ, ಬ್ಯಾಂಕಿನ ಬಡ್ಡಿ, ಖಾಯಂ ಗಿರಾಕಿಗೆ ಕನಿಷ್ಠ ಇಷ್ಟು ಲೋಡ್, ಇವನ್ನು ಎಷ್ಟು ತಿಂಗಳು ನಡೆಸಬಲ್ಲೆ? ಆ ಭತ್ತ ಕಾಲುವೆ ಇಲ್ಲದ ಯಾವ ಕಡೆಯಿಂದ ತರಿಸುತ್ತೇನೆ? ಇದನ್ನೂ ಪ್ಲ್ಯಾನ್‌ನಲ್ಲಿ ಬರೆಯಬೇಕು.

ಕಾರಟಗಿ ಮಿಲ್:
ಹಾಗಾದರೆ ಬ್ಯಾಂಕಿಗೆ ಹೀಗೆ ಬರೆಯುತ್ತೇನೆ. ಡ್ರೈಯರ್ ಆರು ಗಂಟೆಯೊಳಗೆ ಶುರು. ರೈತರ ತೂಕದ ಲೆಕ್ಕ ಒಂದೂ ಕಳೆಯಬಾರದು. ಪಾಲಿಶ್, ಪ್ಯಾಕಿಂಗ್ ಮೂರು ದಿನ ತಡೆಯಬಹುದು. ಒಂದು ಬೆಳೆ ತಪ್ಪಿದರೂ ಖಾಯಂ ಗಿರಾಕಿಗಳಿಗೆ ಅರ್ಧ ಮಾಲು.

ರಾಯಚೂರು ಸಿಸ್ಟಮ್ಸ್:
ಆರು ಗಂಟೆ ಅನ್ನೋದನ್ನು ಕಳಿಸುವ ಮುಂಚೆ ಒಂದು ಸಲ ಮಾಡಿ ನೋಡಿ ಅಣ್ಣ. ಖಾಲಿ ಬ್ಯಾಚ್ ಇರೋ ದಿನ ಮೇನ್ ಆಫ್ ಮಾಡಿಸಿ, ಗಡಿಯಾರ ಇಟ್ಟುಕೊಳ್ಳಿ. ಜನರೇಟರ್ ಡ್ರೈಯರ್ ಲೋಡ್ ಎಳೆಯುತ್ತದಾ, ಡೀಸೆಲ್ ಎಷ್ಟು ಹೊತ್ತಿಗೆ ಸಾಕು ಅಂತ ಅವತ್ತೇ ಗೊತ್ತಾಗುತ್ತದೆ.

ಗಂಗಾವತಿ ಹಳೆ ಮಿಲ್:
ಬಾಯ್ಲರ್ ಅಟೆಂಡೆಂಟ್ ಒಬ್ಬನೇ ಇದ್ದಾನಾ ನಿಮ್ಮಲ್ಲಿ? ಸರ್ಟಿಫಿಕೇಟ್ ಇಲ್ಲದವರ ಕೈಗೆ ಬಾಯ್ಲರ್ ಕೊಡೋ ಹಾಗಿಲ್ಲ. ಅವನು ಜಾತ್ರೆಗೆ ಊರಿಗೆ ಹೋದ ದಿನ ಆರು ಗಂಟೆ ಆಗಲ್ಲ. ಇನ್ನೊಬ್ಬನನ್ನು ಮೊದಲು ಗೊತ್ತುಮಾಡಿಕೊಳ್ಳಿ. ನಮ್ಮ ಹಳೆ ಅಟೆಂಡೆಂಟ್ ಗಂಗಾವತಿಯಲ್ಲೇ ಇದ್ದಾನೆ, ಬೇಕಾದರೆ ಮಾತಾಡಿಸುತ್ತೇನೆ.